ಬಿಟ್ಟರೆ ಬೀಳುವ ಪಟ

ಮೀರಾನ್ ಸಾಯ್ಬರು ಹಗ್ಗದ ಒಂದು ತುದಿಯನ್ನು ತಮ್ಮ ಗೂಡ್ಸ್ ರಿಕ್ಷಾದ ಹಿಂಬದಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ಗೋಯಿಂದನ ಕೈಗೆ ಕೊಟ್ಟರು.

“ನಾನು ‘ಬಿಡು’ ಅಂದ ಕೂಡಲೇ ಬಿಡಬೇಕು. ಅಷ್ಟೇ.”

“ಅಷ್ಟೇಯಾ?” ಎಂದು ಗೋಯಿಂದ ನಕ್ಕ.

ರಿಕ್ಷಾ ಒದ್ದೆ ಮರಳಿನ ಮೇಲೆ ಮೆಲ್ಲನೆ ಹೊರಟಿತು. ಹಗ್ಗ ಬಿಗಿಯಿತು. ಗೋಯಿಂದನ ಹಿಮ್ಮಡಿಗಳು ತಾವಾಗಿ ಮರಳಿಗೆ ಇಳಿದವು. ಸೊಂಟ ಹಿಂದಕ್ಕೆ ವಾಲಿತು.

“ಬಿಡು!”

ಗೋಯಿಂದ ಬಿಡಲಿಲ್ಲ. ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

“ಬಿಡು ಮಾರಾಯ!”

ರಿಕ್ಷಾದ ಚಕ್ರ ಇದ್ದಲ್ಲೇ ಗಿರ್ರನೆ ತಿರುಗಿತು. ಮರಳು ಹಾರಿತು. ಇಂಜಿನು ಕೆಮ್ಮಿ ನಿಂತಿತು.

ಸಾಯ್ಬರು ಇಳಿದು ಬಂದರು. ಗೋಯಿಂದ ಹೆಮ್ಮೆಯಿಂದ ಎದೆಯ ಬೆವರು ಒರೆಸಿಕೊಳ್ಳುತ್ತಿದ್ದ.

“ರಿಕ್ಷಾ ನಿಲ್ಲಿಸಿದೆ, ಸರಿ. ಗಾಳಿಯನ್ನೂ ನಿಲ್ಲಿಸ್ತೀಯಾ?”

ಗೋಯಿಂದ ಅಂಗೈಗೆ ಸುತ್ತಿದ ಹಗ್ಗ ಬಿಚ್ಚಿದ.

“ಇವತ್ತು ನಿನಗೆ ಪಟ ಇಲ್ಲ. ನಾಳೆ ಬಾ.”

ಮೀರಾನ್ ಸಾಯ್ಬರು ಹಿಂದೆ ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದರು. ದೋಣಿಗಳಿಗೆ ಇಂಜಿನು ಬಂತು, ಹಾಯಿ ಹೋಯಿತು. ಸಾಯ್ಬರು ಟಾರ್ಪಾಲು ಹೊಲಿದರು. ಒಂದು ದಿನ ಯಾರೋ ಪ್ರವಾಸಿ ಹರಿದ ಪವರ್ ಕೈಟ್ ಒಂದನ್ನು ರಿಪೇರಿಗೆ ತಂದ. ಅದು ಮಕ್ಕಳ ಗಾಳಿಪಟವಲ್ಲ. ದೊಡ್ಡದು, ಆಳನ್ನೇ ಎಳೆದುಕೊಂಡು ಹೋಗುವಂಥದು. ಸಾಯ್ಬರು ಅದರ ಹೊಲಿಗೆ ಬಿಚ್ಚಿ ನೋಡಿದರು. ತಿರುಗಿ ಹೊಲಿದರು. ಆಮೇಲೆ ತಾವೇ ಅಂಥವು ಮಾಡಿ ಮಾರಲು ತೊಡಗಿದರು. ಆದರೆ ಹೊಸಬರು ಯಾರೇ ಬರಲಿ, ಮೊದಲು ಈ ಹಗ್ಗದ ಪರೀಕ್ಷೆ. ಸಮಯಕ್ಕೆ ಬಿಟ್ಟವನಿಗೆ ಪಟ. ಬಿಡದವನಿಗೆ ನಾಳೆ.

ಗೋಯಿಂದ ಕೈರಂಪಣಿಯವನು, ದಡದಲ್ಲಿ ನಿಂತು ಬಲೆ ಎಳೆಯುವವನು. ದೋಣಿ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಟ್ಟು ಬರುತ್ತದೆ. ಅದರ ಎರಡು ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಗಂಡಸರು ಎಳೆಯುತ್ತಾರೆ. ಮೂವತ್ತು ವರ್ಷದಿಂದ ಗೋಯಿಂದನ ಜಾಗ ಬಡಗಣ ಸಾಲಿನ ಮುಂದುಗಡೆ. ಆ ಸಾಲಿನಲ್ಲಿ ಕಲಿಸುವ ಪಾಠ ಒಂದೇ: ಹಗ್ಗ ಬಿಡಬೇಡ. ಕೈ ಸುಲಿದರೂ ಬಿಡಬೇಡ. ಒಬ್ಬ ಬಿಟ್ಟರೆ ಉಳಿದವರೆಲ್ಲ ಮುಗ್ಗರಿಸುತ್ತಾರೆ, ಬಲೆ ಸಡಿಲಾಗುತ್ತದೆ, ಮೀನು ನಗುತ್ತಾ ಹೋಗುತ್ತದೆ.

ಅಣ್ಣಪ್ಪ ಎಂಬ ಮುದುಕ ತನ್ನ ಪ್ರಾಯದಲ್ಲಿ ಒಮ್ಮೆ, ಮೂಗು ತುರಿಸಿತೆಂದು, ಒಂದು ಗಳಿಗೆ ಹಗ್ಗ ಬಿಟ್ಟಿದ್ದ. ಅದಾಗಿ ನಲವತ್ತು ವರ್ಷ. ಊರಿಗೆ ಇಂದಿಗೂ ಅವನು ‘ಬಿಟ್ಟ ಅಣ್ಣಪ್ಪ’. ಅವನ ಮಗನ ಮದುವೆಯ ಕಾಗದದಲ್ಲಿ ಮಾತ್ರ ಬರೀ ಅಣ್ಣಪ್ಪ ಎಂದಿತ್ತು. ಯಾರ ಮದುವೆ ಎಂದು ಅರ್ಧ ಊರಿಗೆ ಗೊತ್ತಾಗಲಿಲ್ಲ.

ಗೋಯಿಂದ ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಜಲಜ ಮೀನು ಕೊಯ್ಯುತ್ತಿದ್ದಳು.

“ಎಂತ, ಪಟ ಸಿಕ್ಕಲಿಲ್ಲವಾ?”

“ಹಗ್ಗ ಬಿಡಬೇಕಂತೆ. ಹಗ್ಗ ಬಿಡುವವ ನಮ್ಮ ಮನೆಯಲ್ಲಿ ಹುಟ್ಟಿಲ್ಲ.”

“ಒಳ್ಳೇದೇ ಆಯ್ತು. ಈ ವಯಸ್ಸಿಗೆ ನಿಮಗೆ ಪಟ ಎಂತಕ್ಕೆ?”

ಗೋಯಿಂದ ಅವಳ ಎದುರು ಕೂತ. ಆಮೇಲೆ ಹೇಳಿದ. “ಮೂವತ್ತು ವರ್ಷ ಸಮುದ್ರವನ್ನು ನಾನು ಎಳೆದೆ. ಒಂದು ಸಲ ಏನಾದರೂ ನನ್ನನ್ನು ಎಳೆಯಲಿ, ಕಾಣುವ ಅಂತ.”

ಜಲಜ ಕತ್ತಿ ಕೆಳಗಿಟ್ಟಳು. “ಎಳೆಯಲಿ. ಆದರೆ ಒಂದು ಮಾತು. ಮಳೆಗಾಲಕ್ಕೆ ಬಲೆ ನಿಲ್ಲಲು ಇನ್ನು ಇಪ್ಪತ್ತೇ ದಿನ. ಈ ಇಪ್ಪತ್ತು ದಿನದ ಪಾಲಿನಲ್ಲಿ ನಾವು ಮೂರು ತಿಂಗಳು ಉಣ್ಣಬೇಕು. ಕೈ ಮುರ್ಕಂಡು ಬಂದ್ರೆ ಹಗ್ಗದಲ್ಲಿ ನಿಮ್ಮ ಜಾಗಕ್ಕೆ ಬೇರೆಯವ ನಿಲ್ತಾನೆ. ಎರಡು ಕೈ ತಕಂಡು ಹೋಯ್ನಿ, ಎರಡು ಕೈ ತಕಂಡು ಬನ್ನಿ.”

ಮರುದಿನವೂ ಗೋಯಿಂದ ರಿಕ್ಷಾ ನಿಲ್ಲಿಸಿದ. ಸಾಯ್ಬರು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದರು.

ಗೋಯಿಂದನಿಗೆ ಸಿಟ್ಟು ಬಂತು. ನೇರ ಜಲಜಳ ತಮ್ಮ ದಿನಕರನ ಮನೆಗೆ ನಡೆದ. ದಿನಕರನ ಬಳಿ ಪ್ರವಾಸಿಯೊಬ್ಬ ಬಿಟ್ಟುಹೋದ ಪಟವಿತ್ತು. ಅಂಗಳದ ತುಂಬ ಹರಡುವಷ್ಟು ದೊಡ್ಡದು. ಕೆಂಪು, ಹಳದಿ, ನಡುವೆ ಹುಲಿಯ ಮುಖ.

“ಕಾಣಿ ಭಾವ, ಇದು ಪಟ ಅಂದ್ರೆ! ಸಾಯ್ಬ್ರು ಕೊಡೂದು ಕರವಸ್ತ್ರ. ಬೆಲೆ ಎರಡಕ್ಕೂ ಒಂದೇ. ಇದು ಎಮ್ಮೆಯನ್ನೂ ಎತ್ತತ್ತ್.”

“ನಾನು ಎಮ್ಮೆಯಾ?”

“ಅಕ್ಕನ ಕೇಳ್ಕಂಡ್ ಹೇಳ್ತೆ.”

ಗೋಯಿಂದ ನಕ್ಕ. ದುಡ್ಡಿಗೆ ಕೈ ಹಾಕಿದ. ಆದರೆ ಬಲೆ ಕೊಳ್ಳುವವನು ಬಣ್ಣ ನೋಡಿ ಕೊಳ್ಳುವುದಿಲ್ಲ. ಇನ್ನೊಂದು ಕೈ ಅದರ ಪಾಡಿಗೆ ಬಟ್ಟೆಯ ಅಂಚು ಹಿಡಿಯಿತು. ಹೆಬ್ಬೆರಳಲ್ಲಿ ತಿಕ್ಕಿತು. ಬಿಸಿಲಿಗೆ ಒಣಗಿದ ಬಟ್ಟೆ ಹಪ್ಪಳದ ಹಾಗೆ ಸದ್ದು ಮಾಡಿತು. ಹೊಲಿಗೆ ಎಳೆದು ನೋಡಿದ. ನೂಲು ಪುಡಿಯಾಗಿ ಬಂತು. ದಾರಗಳಲ್ಲಿ ಐದು ಕಡೆ ಗಂಟು.

“ದಿನಕರ, ಹಾರುವಾಗ ಇದನ್ನು ಬಿಟ್ಟರೆ ಎಂತ ಆಗ್ತದೆ?”

“ಬಿಟ್ರೆ ಹಾರಿ ಬೇರೆ ಊರಿಗೇ ಹೋಯ್ತು. ಗಂಗೊಳ್ಳಿಗೆ ಹೋಗಿ ಹೆಕ್ಕಬೇಕು.”

“ಬಿಡದಿದ್ದರೆ?”

“ಬಿಡದಿದ್ರೆ ಭಾವನನ್ನ ಗಂಗೊಳ್ಳಿಗೆ ಹೋಗಿ ಹೆಕ್ಕಬೇಕು.”

ದಿನಕರ ತಮಾಷೆಗೆ ಹೇಳಿದ್ದು. ಗೋಯಿಂದ ನಗಲಿಲ್ಲ. ದುಡ್ಡನ್ನು ಜೇಬಿಗೆ ಹಾಕಿಕೊಂಡ.

ಸಂಜೆ ಬಾವಿಯ ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ ಎಳೆಯುತ್ತಾ ನಿಂತ. ಜಲಜ ಕೆಲಸದ ನಡುನಡುವೆ “ಬಿಡಿ!” ಎಂದು ಕೂಗಬೇಕು, ಅವನು ಬಿಡಬೇಕು. ಅವಳು ಕೂಗಿದಳು. ಕೈ ಕೇಳಲಿಲ್ಲ. ಮನಸ್ಸು ಬಿಟ್ಟರೂ ಬೆರಳು ಬಿಡಲಿಲ್ಲ. ಮೂವತ್ತು ವರ್ಷದ ಅಭ್ಯಾಸ ಬೆರಳಿನಲ್ಲಿ ಕೂತಿತ್ತು. ಹತ್ತು ಸಲ, ಇಪ್ಪತ್ತು ಸಲ. ಕೊನೆಗೆ ಜಲಜ ರೇಗಿದಳು. ಬಚ್ಚಲಿನಿಂದ ಕೂಗಿದಳು, ದನದ ಕೊಟ್ಟಿಗೆಯಿಂದ ಕೂಗಿದಳು, ಊಟಕ್ಕೆ ಎಲೆ ಹಾಕುವಾಗ ಕೂಗಿದಳು.

ಬೆಳಿಗ್ಗೆ ಬೆಕ್ಕು ಒಳಗೆ ಬರಲು ಬಾಗಿಲು ಕೆರೆಯುತ್ತಿತ್ತು. ಗೋಯಿಂದ ಮೀನು ಸಾರಿನ ಗಡಿಗೆ ಎತ್ತಿಕೊಂಡು ಹೊಸ್ತಿಲು ದಾಟಿ ಬರುತ್ತಿದ್ದ. ಬೆಕ್ಕನ್ನು ಕಾಲಿನಿಂದ ತಡೆದ.

“ಪಾಪ, ಅದನ್ನ ಬಿಡಿ!” ಎಂದಳು ಜಲಜ.

ಗಡಿಗೆ ನೆಲಕ್ಕೆ ಬಿತ್ತು. ಬೆಕ್ಕಿಗೆ ಹಬ್ಬವಾಯಿತು.

ಜಲಜ ಗಡಿಗೆಯ ಚೂರು ನೋಡಿದಳು. ಗಂಡನ ಖಾಲಿ ಕೈ ನೋಡಿದಳು. ಬೈಯಲಿಲ್ಲ.

“ಸಾಯ್ಬ್ರ ಹತ್ರ ಹೋಯ್ನಿ,” ಎಂದಳು. “ನೀವು ಪಾಸು.”

ಆ ದಿನ ಸಾಯ್ಬರು “ಬಿ” ಎನ್ನುವುದರೊಳಗೆ ಹಗ್ಗ ಗೋಯಿಂದನ ಕೈಯಲ್ಲಿರಲಿಲ್ಲ. ಸಾಯ್ಬರು ತಲೆಯಾಡಿಸಿ ಅಂಗಡಿಯೊಳಗೆ ಕರೆದರು. ಮೇಲಿನ ಹಲಗೆಯಿಂದ ಒಂದು ಸಣ್ಣ ಚೀಲ ಇಳಿಸಿದರು. ಒಳಗೆ ಬೂದು ಬಣ್ಣದ ಪಟ. ಎರಡಾಳು ಉದ್ದ, ಒಂದಾಳು ಅಗಲ. ಹುಲಿ ಇಲ್ಲ, ಗಿಡುಗ ಇಲ್ಲ.

“ಇದು ಎಷ್ಟು ಎಳೀತದೆ ಸಾಯ್ಬ್ರೆ?”

“ನಿನಗೆ ಸಾಕಾಗುವಷ್ಟು. ಅದನ್ನ ಆಮೇಲೆ ಕೇಳು. ಬಿಟ್ಟರೆ ಏನು ಮಾಡ್ತದೆ, ಅದನ್ನ ಕೇಳು.”

“ಏನು ಮಾಡ್ತದೆ?”

“ಬೀಳ್ತದೆ.”

ಸಾಯ್ಬರು ಬಿಡಿಸಿ ತೋರಿಸಿದರು. ಕೈಗೆ ಎರಡು ಹಿಡಿ, ನಾಲ್ಕು ದಾರ. ಮೇಲಿನೆರಡು ಎಳೆಯಲು, ಕೆಳಗಿನೆರಡು ನಿಲ್ಲಿಸಲು. ನಿಲ್ಲಿಸುವ ದಾರಕ್ಕೆ ಸೇರಿದಂತೆ ಮಣಿಕಟ್ಟಿಗೆ ಒಂದೊಂದು ಪಟ್ಟಿ. ಹಿಡಿಗಳನ್ನು ಕೈಬಿಟ್ಟರೆ ಪಟ್ಟಿ ಆ ಎರಡು ದಾರ ಎಳೆಯುತ್ತದೆ, ಪಟದಿಂದ ಗಾಳಿ ಸೋರುತ್ತದೆ, ಪಟ ಒದ್ದೆ ಬಟ್ಟೆಯ ಹಾಗೆ ಕೆಳಗಿಳಿಯುತ್ತದೆ. ಆದರೂ ಕೈಗೆ ಕಟ್ಟಿಕೊಂಡೇ ಇರುತ್ತದೆ. ಗಂಗೊಳ್ಳಿಗೆ ಹೋಗುವುದಿಲ್ಲ.

ಗೋಯಿಂದ ತನ್ನ ಹೆಬ್ಬೆರಳಿನ ಪರೀಕ್ಷೆ ಮಾಡಿದ. ಚೌಕುಳಿ ನೇಯ್ಗೆಯ ನೈಲಾನು. ಒಂದು ಚೌಕ ಹರಿದರೆ ಪಕ್ಕದ್ದಕ್ಕೆ ಹೋಗದು. ಪ್ರತಿ ಅಂಚಿಗೂ ಎರಡು ಸಾಲು ಹೊಲಿಗೆ. ಒಳಗೆ ಕಡ್ಡಿಯೇ ಇಲ್ಲ, ಬಿದ್ದರೆ ಮುರಿಯಲು ಏನೂ ಇಲ್ಲ.

“ಕೊಡಿ,” ಎಂದ.

“ಕಡಲ ತಡೆಗೆ ಹಾಕಿದ ಕಲ್ಲುಗಳಿಂದ ನೂರು ಹೆಜ್ಜೆ ದೂರ ನಿಲ್ಲು. ಉಪ್ಪು ನೀರು ತಾಗಿದರೆ ಸಿಹಿ ನೀರಲ್ಲಿ ತೊಳೆ. ನೆರಳಲ್ಲಿ ಒಣಗಿಸು.” ಸಾಯ್ಬರು ಅಷ್ಟು ಹೇಳಿ ಹೊಲಿಗೆ ಯಂತ್ರಕ್ಕೆ ತಿರುಗಿದರು.

ಭಾನುವಾರ, ಕಡಲು ಇಳಿದ ಹೊತ್ತು. ಬಲೆ ಎಳೆದು ಮುಗಿದಿತ್ತು. ಹೆಂಗಸರು ಬುಟ್ಟಿ ತುಂಬುತ್ತಿದ್ದರು. ಗೋಯಿಂದ ಕಲ್ಲಿನ ತಡೆದಂಡೆಯಿಂದ ನೂರು ಹೆಜ್ಜೆ ಎಣಿಸಿ, ನೀರಿನ ಹತ್ತಿರ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ. ಪಡುಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಪಟ್ಟಿಗಳನ್ನು ಮಣಿಕಟ್ಟಿಗೆ ಬಿಗಿದ. ಪಟ ಉಬ್ಬಿ ಎದ್ದಿತು.

“ಕರವಸ್ತ್ರ ಹಾರ್ತಾ ಇತ್ತ್!” ಎಂದು ದಿನಕರ ಕೂಗಿದ. ಎಲ್ಲರೂ ನಕ್ಕರು.

ಕರವಸ್ತ್ರ ಒಮ್ಮೆ ಎಳೆಯಿತು. ಗೋಯಿಂದ ನಾಲ್ಕು ಹೆಜ್ಜೆ ಓಡಿದ. ಇನ್ನೊಮ್ಮೆ ಎಳೆಯಿತು. ಹಿಮ್ಮಡಿ ಊರಿ ಮರಳಿನ ಮೇಲೆ ಜಾರಿದ. ಐವತ್ತರ ಹತ್ತಿರದ ಗಂಡಸು ಗಟ್ಟಿಯಾಗಿ ನಗುವುದನ್ನು ಊರು ಕೇಳಿತು. ಈಗ ಯಾರೂ ತಮಾಷೆ ಮಾಡಲಿಲ್ಲ. ಸಾಲಿನ ಗಂಡಸರು ಬಾಯಿ ತೆರೆದು ನೋಡಿದರು.

ಅಷ್ಟರಲ್ಲಿ ಸಮುದ್ರದ ಮೇಲೆ ಕಪ್ಪು ಗೆರೆ ಕಂಡಿತು. ಗೋಯಿಂದನ ಬೆನ್ನು ಆ ಕಡೆಗಿತ್ತು. ಅವನಿಗೆ ಕಾಣಲಿಲ್ಲ. ಮಳೆಗಾಲದ ಮುಂಚಿನ ಬಿರುಗಾಳಿ ಹೇಳದೆ ಬರುತ್ತದೆ. ಬಂತು.

ಪಟ ಬುಸ್ಸೆಂದಿತು. ಗೋಯಿಂದನ ಕಾಲು ನೆಲ ಬಿಟ್ಟಿತು. ತಿರುಗಿ ನೆಲ ಮುಟ್ಟಿದಾಗ ಮಂಡಿಯ ಮೇಲಿದ್ದ. ಎದುರಿಗೆ ತಡೆದಂಡೆ. ಆನೆ ಗಾತ್ರದ ಕಲ್ಲುಗಳು. ಎಂಬತ್ತು ಹೆಜ್ಜೆ. ಅರವತ್ತು. ಗೋಯಿಂದ ಹಿಂದಕ್ಕೆ ವಾಲಿ ಎಳೆದ. ಎಳೆದಷ್ಟೂ ಪಟ ಇನ್ನಷ್ಟು ಎಳೆಯಿತು.

“ಹಿಡ್ಕೋ ಗೋಯಿಂದ! ಹಿಡ್ಕೋ!” ಎಂದು ಸಾಲಿನ ನಲವತ್ತು ಗಂಡಸರು ಕೂಗಿದರು. ಅವರಿಗೆ ಗೊತ್ತಿದ್ದದ್ದು ಅದೊಂದೇ. ಗೋಯಿಂದನ ಬೆರಳುಗಳೂ ಆ ಮಾತನ್ನೇ ಕೇಳಿದವು. ಇನ್ನೂ ಬಿಗಿಯಾದವು.

ಮೂವತ್ತು ಹೆಜ್ಜೆ.

ಆಗ ಮೀನಿನ ಬುಟ್ಟಿಗಳ ಕಡೆಯಿಂದ ಒಂದು ಹೆಂಗಸಿನ ದನಿ ಬಂತು. ಬಚ್ಚಲಿನಿಂದ, ಕೊಟ್ಟಿಗೆಯಿಂದ ಬಂದ ಅದೇ ದನಿ.

“ಬಿಡೀ!”

ಗೋಯಿಂದ ಯೋಚಿಸಲಿಲ್ಲ. ಯೋಚಿಸಿದ್ದರೆ ಬಿಡುತ್ತಿರಲಿಲ್ಲ. ಕೈ ತಾನಾಗಿ ತೆರೆಯಿತು. ಸಾರಿನ ಗಡಿಗೆ ಬಿಟ್ಟ ಹಾಗೆ ಹಿಡಿಗಳನ್ನು ಬಿಟ್ಟ.

ಪಟ್ಟಿಗಳು ಮಣಿಕಟ್ಟನ್ನು ಒಮ್ಮೆ ಜಗ್ಗಿದವು. ಪಟ ಗಾಳಿಯಲ್ಲಿ ನಡುಗಿತು, ಮಡಚಿತು, ಕಲ್ಲುಗಳ ಮೇಲೆ ಮೆತ್ತಗೆ ಬಿತ್ತು. ಗೋಯಿಂದ ಹೊಟ್ಟೆಯ ಮೇಲೆ ಇನ್ನಷ್ಟು ದೂರ ಜಾರಿ ನಿಂತ. ಕಲ್ಲಿಗೆ ಆರು ಹೆಜ್ಜೆ ಉಳಿದಿತ್ತು.

ಎಲ್ಲರೂ ಓಡಿ ಬಂದರು. ಗೋಯಿಂದ ಎದ್ದು ಕೂತು ಬಾಯಿಯ ಮರಳು ಉಗಿದ. ಜಲಜ ಮೊದಲು ಅವನ ಎಡಗೈ ಮಡಚಿ ನೋಡಿದಳು. ಆಮೇಲೆ ಬಲಗೈ. ಹತ್ತು ಬೆರಳನ್ನೂ ಒಂದೊಂದಾಗಿ ಮುಟ್ಟಿದಳು. ಆಮೇಲೆ ಅಲ್ಲೇ ಮರಳಿನ ಮೇಲೆ ಧೊಪ್ಪನೆ ಕೂತು ನಗತೊಡಗಿದಳು. ನಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

“ಎರಡೂ ಇತ್ತ್,” ಎಂದಳು.

ಸಾಲಿನ ಗಂಡಸರು ಸುತ್ತ ನಿಂತಿದ್ದರು. ಬಡಗಣ ಸಾಲಿನ ಮುಂದಾಳು ಹಗ್ಗ ಬಿಟ್ಟದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ಗುಂಪನ್ನು ಸರಿಸಿಕೊಂಡು ಒಬ್ಬ ಮುದುಕ ಮುಂದೆ ಬಂದ. ಗೋಯಿಂದನ ಬೆನ್ನಿನ ಮರಳು ಕೊಡವಿದ.

“ಬಾ ಮಾರಾಯ,” ಎಂದ ಬಿಟ್ಟ ಅಣ್ಣಪ್ಪ. “ನಲವತ್ತು ವರ್ಷ ಒಬ್ಬನೇ ಇದ್ದೆ.”

ನಲವತ್ತು ಗಂಡಸರೂ ನಕ್ಕರು. ದಿನಕರ ಎಲ್ಲರಿಗಿಂತ ಹೆಚ್ಚು ನಕ್ಕ. ಮನೆಗೆ ಹೋಗಿ ಹುಲಿ ಮುಖದ ಪಟವನ್ನು ಕತ್ತರಿಸಿ ಸೌದೆ ರಾಶಿಗೆ ಹೊದಿಸಿದ.

ಬೂದು ಪಟದಲ್ಲಿ ಒಂದು ಚೌಕ ಹರಿದಿತ್ತು. ಪಕ್ಕದ್ದಕ್ಕೆ ಹೋಗಿರಲಿಲ್ಲ. ಸಿಹಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಹಾಕಿದರು.

ಮರುದಿನ ಬೆಳಿಗ್ಗೆ ಗೋಯಿಂದ ಬಡಗಣ ಸಾಲಿನ ಮುಂದೆ ನಿಂತು, ಎರಡೂ ಕೈಯಲ್ಲಿ ಹಗ್ಗ ಹಿಡಿದು ಬಲೆ ಎಳೆದ.

ನೀತಿ: ಹೊಸದಾಗಿ ಕಲಿಯುವವನು ಒಂದು ವಸ್ತುವನ್ನು ಆರಿಸುವಾಗ ಅದು ಎಷ್ಟು ಎಳೆಯುತ್ತದೆ ಎಂದು ಕೇಳಬಾರದು. ಕೈಬಿಟ್ಟರೆ ನಿಲ್ಲುತ್ತದೆಯೇ ಎಂದು ಕೇಳಬೇಕು. ಬಿಡುವುದನ್ನು ಕಲಿತ ಮೇಲೆ ಹಿಡಿಯಬೇಕು.