ನಿಂಬೆವ್ವ ಕಲಿತ ‘ಹ್ಯಾವ್’

ಕೃಷ್ಣಾ ನದಿಯ ದಂಡೆಗೆ ಒಂದು ಸಣ್ಣ ಆಶ್ರಮ. ಅಲ್ಲಿದ್ದವರು ವಿರೂಪಾಕ್ಷಯ್ಯನವರು. ಕಾವಿ ಉಡುವ ಮೊದಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದರು. ಊರವರ ಬಾಯಲ್ಲಿ ಅವರು ಅಜ್ಜಾರು.

ಒಂದು ಮಧ್ಯಾಹ್ನ ರೊಟ್ಟಿ ಬಡಿದು ಮಾರುವ ನಿಂಬೆವ್ವ ಬಂದು ಅವರ ಮುಂದೆ ಒಂದು ಕಾಗದ ಇಟ್ಟಳು.

ಮಣಿಪುರದಿಂದ ಬಂದದ್ದು. ಅವಳ ಮಗಳು ದಾಕ್ಷಿ ಸೈಕಲ್ ರೇಸಿಗೆಂದು ಹೋದಲ್ಲಿ ಲಿಂತೋಯಿ ಎಂಬ ಗೆಳತಿಯನ್ನು ಮಾಡಿಕೊಂಡಿದ್ದಳು. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಇಬ್ಬರೂ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಳ್ಳುತ್ತಿದ್ದರು.

ಅಜ್ಜಾರು ಓದಿ ಹೇಳಿದರು: “ನಾಕು ತಿಂಗಳಾತು, ನಿನ್ನ ಕಾಗದ ಇಲ್ಲ. ಹೆಂಗ ಅದೀ ದಾಕ್ಷಿ ಅಂತ ಕೇಳ್ಯಾಳ.”

ದಾಕ್ಷಿ ಮೂರೇ ದಿನದ ಜ್ವರಕ್ಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

“ನಾ ಬರೆದು ಕೊಡ್ಲೇನವಾ?”

“ಬ್ಯಾಡ್ರಿ. ಹಡೆದಾಕಿ ನಾನು. ಹೇಳಬೇಕಾದಾಕೀನೂ ನಾನ. ನನಗ ಕಲಸ್ರಿ.”

ಅಜ್ಜಾರು ಎದ್ದು ಹೋಗಿ ಒಂದು ಪಾಟಿ, ಬಳಪ ತಂದರು.

ಕನ್ನಡ ಶಾಲೆಯ ಏಳನೇ ಇಯತ್ತೆಯವರೆಗೆ ಓದಿದವಳು ನಿಂಬೆವ್ವ. ಇಂಗ್ಲಿಷ್ ಅಕ್ಷರಗಳು ಹದಿನೈದು ದಿನದಲ್ಲಿ ಕೈಗೆ ಹತ್ತಿದವು. ಕಷ್ಟ ಶುರುವಾದದ್ದು ಒಂದು ಕ್ರಿಯಾಪದದಿಂದ.

“ಹ್ಯಾವ್ ಅಂದ್ರ ಏನ್ರೀ ಅಜ್ಜಾರ?”

“ನಿನ್ನ ಹತ್ರ ಏನೇನೈತಿ ಹೇಳು.”

“ಒಂದು ಮನಿ ಐತಿ. ಒಂದು ಎಮ್ಮಿ ಐತಿ.”

“ಐ ಹ್ಯಾವ್ ಅ ಹೌಸ್. ಐ ಹ್ಯಾವ್ ಅ ಬಫೆಲೊ. ಮೈ ಬಿಸಿಯಾದ್ರ, ಐ ಹ್ಯಾವ್ ಅ ಫೀವರ್.”

“ಮನೀಗೂ ಅದ, ಜ್ವರಕ್ಕೂ ಅದ?”

“ಹೂಂ. ನಮ್ಮಾಗ ಹಂಗಿಲ್ಲ. ಮನಿ ನಮ್ಮ ಹತ್ರ ಇರ್ತೈತಿ. ಜ್ವರ ನಮಗ ಬಂದಿರ್ತೈತಿ, ಆಮ್ಯಾಲೆ ಹೋಗತೈತಿ. ಇಂಗ್ಲಿಷಿನವರು ಎಲ್ಲಾನೂ ಒಂದ ಮುಷ್ಟ್ಯಾಗ ಹಿಡೀತಾರ.”

ಆ ಹಿಡಿಯುವ ಮಾತು ನಿಂಬೆವ್ವನಿಗೆ ಬಹಳ ಹಿಡಿಸಿತು. ರೊಟ್ಟಿ ಬಡಿಯುವಾಗಲೂ ಹ್ಯಾವ್, ಎಮ್ಮೆ ಹಿಂಡುವಾಗಲೂ ಹ್ಯಾವ್. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ವಾಕ್ಯ ತಾನಾಗಿಯೇ ಬಾಯಿಗೆ ಬಂತು. ಐ ಹ್ಯಾವ್ ಅ ಡಾಟರ್.

ಎಷ್ಟು ಸಲ ಅಂದುಕೊಂಡಳೋ. ಅಂದಷ್ಟೂ ಎದೆ ಹಗುರಾಯಿತು.

ಮುಂದೆ ಒಂದು ತಿಂಗಳು ಅವಳು ಪಾಠಕ್ಕೆ ಬರಲಿಲ್ಲ. ಅಜ್ಜಾರು ಹೇಳಿಕಳಿಸಲೂ ಇಲ್ಲ.

ಬಂದಾಗ ಅವಳ ಕೈಯಲ್ಲಿ ಇನ್ನೊಂದು ಕಾಗದವಿತ್ತು. ಮುಖ ಕಪ್ಪಿಟ್ಟಿತ್ತು.

“ಅಜ್ಜಾರ, ನಾ ತಪ್ಪು ಮಾಡೀನಿ. ನಿಮಗ ತೋರಿಸ್ಲಾರದ ಕಾಗದ ಹಾಕಿಬಿಟ್ಟೆ.”

“ಏನಂತ ಬರೆದಿದ್ದಿ?”

“ಐ ಹ್ಯಾವ್ ಅ ಡಾಟರ್. ಶೀ ಈಸ್ ವೆಲ್.”

ಅಜ್ಜಾರು ಹೊಳೆಯ ಕಡೆ ನೋಡಿದರು. “ಲಿಂತೋಯಿ ಏನಂದಾಳ?”

“ಅಕ್ಷರ ಕೂಡಿಸಿ ಕೂಡಿಸಿ ಓದೀನ್ರಿ. ಖುಷಿ ಆಗ್ಯಾಳ. ಮುಂದಿನ ತಿಂಗಳು ಬರ್ತಾಳಂತ. ದಾಕ್ಷಿ ಜೋಡಿ ಹೊಳಿ ದಂಡಿಗುಂಟ ಸೈಕಲ್ ಹೊಡೀಬೇಕಂತ.” ಕಾಗದವನ್ನು ಅವರ ಮುಂದೆ ಇಟ್ಟಳು. “ಸುಳ್ಳು ಹೇಳಬೇಕಂತ ಹೇಳಲಿಲ್ರಿ. ಬರೆದರ ಮಗಳು ಇದ್ದಂಗ ಅನಸ್ತಿತ್ತು.”

ಅಜ್ಜಾರು ಬೈಯಲಿಲ್ಲ. ಪಾಟಿ ತೆಗೆದುಕೊಂಡು ಒಂದು ಸಾಲು ಬರೆದರು. ಐ ಹ್ಯಾಡ್ ಅ ಡಾಟರ್.

“ಹ್ಯಾಡ್. ಇದ್ದಳು.”

ನಿಂಬೆವ್ವ ಸೆರಗಿನಿಂದ ಒರೆಸಿಬಿಟ್ಟಳು.

ಅವರು ಮತ್ತೆ ಬರೆದರು. ಅವಳು ಮತ್ತೆ ಒರೆಸಿದಳು.

ಮೂರನೇ ಸಲ ಬಳಪವನ್ನು ಅವಳ ಕೈಗೆ ಕೊಟ್ಟರು. “ಈಗ ನೀ ಬರಿ. ಒರಸೂದು ನನ್ನ ಪಾಳಿ.”

ಬರೆಯಲು ಬಹಳ ಹೊತ್ತು ಹಿಡಿಯಿತು. ಹೊಳೆಯಲ್ಲಿ ನೀರು ಕುಡಿದ ಕುರಿಗಳೆಲ್ಲ ದಂಡೆ ಹತ್ತಿ ಮರೆಯಾದವು. ಕೊನೆಗೆ ಪಾಟಿಯ ಮೇಲೆ ನಾಲ್ಕು ಪದ ನಿಂತವು, ಡೊಂಕುಡೊಂಕಾಗಿ.

ಅಜ್ಜಾರು ಕಾವಿಯ ತುದಿ ಹಿಡಿದು ಒರೆಸಲು ಹೋದರು.

ನಿಂಬೆವ್ವ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಬ್ಯಾಡ್ರಿ! ಒರಸಿದ್ರ ಮಗಳು ಅನ್ನೂದೂ ಹೋಗತೈತಿ!”

ಹಿಡಿದ ಕೈ ಬಿಡದೆ ಅಳತೊಡಗಿದಳು. ಮಣ್ಣು ಮಾಡಿದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಅಜ್ಜಾರು ಕೈ ಎಳೆದುಕೊಳ್ಳಲಿಲ್ಲ.

ಅಳು ಇಳಿದ ಮೇಲೆ ಕೇಳಿದಳು: “ಬ್ಯಾರೆ ಮಾತಿಲ್ಲೇನ್ರಿ? ಇದು ಬಾಗಲಾ ಹಾಕಿದಂಗ ಐತಿ.”

“ಐತಿ. ಐ ಹ್ಯಾವ್ ಲಾಸ್ಟ್ ಮೈ ಡಾಟರ್.”

“ಲಾಸ್ಟ್ ಅಂದ್ರ?”

“ಕಳಕೊಳ್ಳೂದು.”

“ಕಳಕೊಂಡ ಮ್ಯಾಲೂ ಹ್ಯಾವ್?”

“ಕಳಕೊಂಡೀನಿ ಅನ್ನಾಕೂ ಅವರಿಗೆ ಅದ ಮಾತು ಬೇಕು. ಯಾಕಂತ ನನಗ ಗೊತ್ತಿಲ್ಲ. ಮೂವತ್ತು ವರ್ಷ ಕಲಿಸೀನಿ, ಯಾರೂ ಕೇಳಿರಲಿಲ್ಲ.”

ನಿಂಬೆವ್ವ ಮೂಗು ಒರೆಸಿಕೊಂಡಳು. “ನಮ್ಮಾಗ ಆ ಹ್ಯಾವ್ ಇಲ್ಲಲ್ರಿ. ನಮಗೇನೈತಿ ಮತ್ತ?”

“ಕಳಕೊಂಡೀನಿ ಅಂತೀವಿ. ಸಾವಕಾಶ ಒಡೆದು ಹೇಳು.”

“ಕಳಕೊಂಡೀನಿ.”

“ಇನ್ನೂ ಸಾವಕಾಶ.”

“ಕಳಕೊಂಡು...” ಅಲ್ಲಿಗೆ ನಿಂತಳು. ತನ್ನ ಬಾಯಿಂದ ದಿನಾ ಹೊರಬೀಳುವ ಮಾತನ್ನು ಮೊದಲ ಸಲ ಕೇಳಿಸಿಕೊಂಡವಳಂತೆ ಅಜ್ಜಾರ ಮುಖ ನೋಡಿದಳು. “ಕಳಕೊಂಡು, ಅದೀನಿ. ನಾ ಇನ್ನೂ ಅದೀನಿ.”

ಅಜ್ಜಾರು ಕಾಗದ, ಪೆನ್ನು ಮುಂದೆ ಸರಿಸಿದರು.

ಅವಳು ಬಗ್ಗಿ ಕೂತು ಬರೆದಳು. ಮೊದಲು, ಹಿಂದಿನ ಕಾಗದದಲ್ಲಿ ಹೇಳಿದ್ದು ಸುಳ್ಳು, ತಪ್ಪಾಯಿತು ಎಂದು ಬರೆದಳು. ಆಮೇಲೆ ಐ ಹ್ಯಾವ್ ಲಾಸ್ಟ್ ಮೈ ಡಾಟರ್ ಎಂದು ಬರೆದಳು. ಪೆನ್ನು ಎತ್ತಲಿಲ್ಲ. ಯಾರೂ ಹೇಳಿಕೊಡದ ಎರಡು ವಾಕ್ಯ ಅದರ ಹಿಂದೆಯೇ ಬಂದವು. ಕಮ್. ಐ ಆ್ಯಮ್ ಹಿಯರ್.

ಕಾಗದವನ್ನು ಎರಡೂ ಕೈಯಿಂದ ಅಜ್ಜಾರಿಗೆ ಕೊಟ್ಟಳು.

“ತಪ್ಪು ತಿದ್ರಿ.”

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಮಡಚಿ ಅವಳ ಕೈಯಲ್ಲೇ ಇಟ್ಟರು.

“ತಿದ್ದೂದು ಏನಿಲ್ಲ. ದೂರದಿಂದ ಬರಾಕಿ ಆ ಹುಡುಗಿ, ಆಕಿಗೊಂದು ಹಾಸಿಗಿ ಬಿಸಲಿಗೆ ಹಾಕಿಡವಾ.”