ಫಿಲ್ಟರಿನ ಹಣೆಗೊಂದು ಬಿಂದಿ

ಸ್ಕೂಲ್ ವ್ಯಾನ್ ಓಡಿಸುವ ನೀಲಮ್ಮ ತನ್ನ ಗಾಡಿಯ ಇಂಜಿನ್ ಎಣ್ಣೆಯನ್ನು ಯಾವಾಗಲೂ ತಾನೇ ಬದಲಾಯಿಸುವವಳು. ಶೋರೂಮಿನ ಮ್ಯಾನೇಜರಿಗೆ ಅದನ್ನು ಕಂಡರಾಗದು.

"ಮನೇಲೇ ಎಣ್ಣೆ ಹಾಕೋಕೆ ಇದೇನು ಒಗ್ಗರಣೆನಾ, ನೀಲಮ್ಮನೋರೆ? ನಾಳೆ ಗಾಡಿ ಇಲ್ಲಿಗೆ ತರದಿದ್ರೆ ವಾರಂಟಿ ಮರೆತುಬಿಡಿ!" ಎಂದು ನಾಲ್ಕು ಜನರೆದುರು ಗದರಿದ.

"ಆಗಲಿ ಸಾರ್," ಎಂದಳು ನೀಲಮ್ಮ.

ಮರುದಿನ ಬೆಳಿಗ್ಗೆ ಹಳೇ ಎಣ್ಣೆ ಇಳಿಸಿ, ಹೊಸ ಫಿಲ್ಟರ್ ಕೂರಿಸಿ, ಹೊಸ ಎಣ್ಣೆ ತುಂಬಿದಳು. ಆಮೇಲೆ ತನ್ನ ಹಣೆಯ ಬಿಂದಿ ಕಿತ್ತು ಫಿಲ್ಟರಿಗೆ ಅಂಟಿಸಿದಳು. ಬರೀ ಹಣೆಯಲ್ಲೇ ಹೋಗಿ ಗಾಡಿ ಒಪ್ಪಿಸಿ ಬಂದಳು.

ಸಂಜೆ ಶೋರೂಮಿಗೆ ಮರಳಿದಾಗ ವ್ಯಾನು ಫಳಫಳ ಹೊಳೆಯುತ್ತಿತ್ತು. ಚೆನ್ನಾಗಿ ತೊಳೆದಿದ್ದರು. ಮ್ಯಾನೇಜರ್ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನೋಡಿ ಬಣ್ಣಾನ, ಜೇನುತುಪ್ಪದ ಹಾಗಿದೆ! ಮನೇಲಿ ಮಾಡಿದ್ರೆ ಹೀಗೆ ಬರುತ್ತಾ?"

"ಫಿಲ್ಟರೂ ಹೊಸದು ಹಾಕಿಸಿದ್ರಾ ಸಾರ್?"

"ನಾನೇ ಮುಂದೆ ನಿಂತು ಹಾಕಿಸಿದೀನಿ!"

"ಹಾಗಂತ ಬರೆದುಕೊಡಿ."

'ಎಣ್ಣೆ ಅತ್ಯುತ್ತಮ, ಫಿಲ್ಟರ್ ಹೊಸದು' ಎಂದು ವಾರಂಟಿ ಪುಸ್ತಕದಲ್ಲಿ ಬರೆದು ಗತ್ತಿನಿಂದ ಸಹಿ ಹಾಕಿದ.

ನೀಲಮ್ಮ ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು. ಬಗ್ಗಿ ವ್ಯಾನಿನಡಿ ಕೈ ತೂರಿಸಿದಳು. ಬಿಂದಿ ಕಿತ್ತು ತಂದು ಅವನೆದುರೇ ಹಣೆಗಿಟ್ಟುಕೊಂಡಳು.

"ಬೆಳಿಗ್ಗೆ ನಾನೇ ಹಾಕಿದ ಫಿಲ್ಟರಿಗೆ ಇದನ್ನ ಅಂಟಿಸಿದ್ದೆ ಸಾರ್. ಅಲ್ಲಾಡಿಲ್ಲ."

ಸುತ್ತ ನಿಂತವರು ಕಿಸಕ್ಕೆಂದರು. ಮ್ಯಾನೇಜರ್ ಮತ್ತೆ ಕಡ್ಡಿ ಎಳೆದು ನೋಡಿದ.

"ಹಾಗಾದ್ರೆ ಈ ಎಣ್ಣೆ...?"

"ಅದೂ ನಂದೇ. ಅತ್ಯುತ್ತಮ ಅಂತ ನೀವೇ ಸಹಿ ಹಾಕಿದೀರಿ. ಡಬ್ಬದಲ್ಲಿ ಸ್ವಲ್ಪ ಉಳಿದಿದೆ, ಒಗ್ಗರಣೆಗೆ ಬೇಕಾದ್ರೆ ಹೇಳಿ ಕಳಿಸಿ."