ಅನ್ನದ ಅಡಿಯಲ್ಲಿದ್ದ ಹಾಲಿನ ಪಾಕೀಟು

ಹೊಸಗೊಂಡದ ಪೂಜ್ಯ ಶ್ರೀ ನಿರ್ಮಾಯ ಸ್ವಾಮಿಗಳವರನ್ನು ಬೆಳಗಿನ ಹೊತ್ತು ಮಠದ ಗದ್ದುಗೆಯ ಬಳಿ ಹುಡುಕಿದರೆ ಸಿಗುತ್ತಿರಲಿಲ್ಲ. ಪೂಜೆ ಮುಗಿದೊಡನೆ ಅವರು ದನದ ಕೊಟ್ಟಿಗೆಯಲ್ಲಿರುತ್ತಿದ್ದರು. ಊರ ದೊಡ್ಡ ಹೋಟೆಲಿನಿಂದ ಹಸುಗಳಿಗೆಂದು ದಿನವೂ ಉಳಿದ ಅನ್ನ-ಸಾರು ಬಕೆಟ್ಟಿನಲ್ಲಿ ಬರುತ್ತಿತ್ತು. ಒಮ್ಮೆ ಅದರಲ್ಲಿದ್ದ ಹಾಲಿನ ಪಾಕೀಟು ನುಂಗಿ ಒಂದು ಹಸು ಸತ್ತಿತ್ತು. ಅಂದಿನಿಂದ ಪೂಜ್ಯರು ತಾವೇ ಬಕೆಟ್ಟಿನಲ್ಲಿ ಮೊಳಕೈವರೆಗೆ ಕೈಯಿಳಿಸಿ ಪ್ಲಾಸ್ಟಿಕ್ ಆರಿಸುತ್ತಿದ್ದರು.

ಒಂದು ದಿನ ಹೋಟೆಲಿನ ಮ್ಯಾನೇಜರ್ ಬಸವಂತಪ್ಪ ಕೊಣ್ಣೂರರು, ಪಾತ್ರೆ ತೊಳೆಯುವ ಗೌರವ್ವನನ್ನು ಮುಂದೆ ಮಾಡಿಕೊಂಡು ಬಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅಂಥ ದೃಷ್ಟಿ ಅವರದು. ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದ್ದರು. ಆ ಕ್ಯಾಮೆರಾ ನೋಡುವವನ ಮೇಲೂ ಗುಮಾನಿ. ಹೋಟೆಲಿನ ಹೆಸರು ಕೆಡಿಸಲು ಮಠದವರೇ ಹೂಡಿದ ಆಟವಿರಬಹುದೇ ಎಂದು ಕೊಟ್ಟಿಗೆಯ ಮೂಲೆಮೂಲೆಯನ್ನೂ ಕಣ್ಣಲ್ಲೇ ತಡಕಿ, ಪೂಜ್ಯರಿಗೆ ಹೇಳಿದರು:

“ಅಜ್ಜಾರ, ಪ್ಲಾಸ್ಟಿಕ್ ಬ್ಯಾರೆ ಹಾಕ್ರಿ ಅಂತ ಗ್ವಾಡಿಗೆ ಬೋರ್ಡ್ ಬರಸೇನ್ರಿ. ಆದ್ರೂ ಈಕೀನ ಹಾಕಿರಬೇಕು. ಗದ್ದಿಗಿ ಮುಟ್ಟಿ ಆಣಿ ಮಾಡ್ಲಿ. ಇಲ್ಲಾಂದ್ರ ಇವತ್ತ ಕೆಲಸದಿಂದ ತಗೀತೇನಿ.”

ಆ ಕೆಲಸ ಹೋದರೆ ಗೌರವ್ವನಿಗೆ ಬೇರೆ ಆಧಾರವಿರಲಿಲ್ಲ. ಗದ್ದುಗೆಯ ಕಡೆ ಹೊರಟಳು. ಪೂಜ್ಯರು ತಡೆದರು.

“ಆಣಿ ಬ್ಯಾಡ. ಪಾಕೀಟ ಎಲ್ಲಿ ಹಾಕಬೇಕಿತ್ತವ್ವಾ?”

ಆ ಮೃದು ಮಾತಿಗೆ ಆಕೆಯ ಕಣ್ಣು ತುಂಬಿ ಬಂತು. “ಸಾಹೇಬ್ರ ಮೇಜಿನ ಬಾಜೂಕ ಡಬ್ಬಿ ಐತ್ರಿ, ಅಜ್ಜಾರ. ಅಲ್ಲಿ ಹಾಕಾಕ ಹೋದ್ರ, ಇಷ್ಟ್ಯಾಕ ಖಾಲಿ ಆದ್ವು, ಹಾಲು ಯಾರು ಕುಡದ್ರಿ ಅಂತ ಕೇಳ್ತಾರ್ರಿ. ಎಲ್ಲಾರೂ ಅಂಜಿ ಅನ್ನದಾಗ ಹುಗೀತೀವ್ರಿ. ನಾನೂ ಹುಗದೇನ್ರಿ.”

ಪೂಜ್ಯರು ಬಸವಂತಪ್ಪನವರತ್ತ ನೋಡಿದರು. “ತಮ್ಮಾ, ಅಂಜಿದ ಕೈ ಸ್ವಚ್ಛ ಮಾಡೂದಿಲ್ಲ, ಮುಚ್ಚತೈತಿ.”

ಅಷ್ಟು ಹೇಳಿ ಮತ್ತೆ ಬಕೆಟ್ಟಿಗೆ ಕೈಹಾಕಿದರು.

ಇವರಿಬ್ಬರೂ ಮೊದಲೇ ಮಾತಾಡಿಕೊಂಡಿರಬಹುದೇ? ಬಸವಂತಪ್ಪನವರ ಮನಸ್ಸು ಆಗಲೂ ಅದನ್ನೇ ಕೇಳಿತು. ಅಷ್ಟರಲ್ಲಿ ಪೂಜ್ಯರ ಕೈ ಮೇಲೆ ಬಂತು. ಹಳಸಿದ ಸಾರಿನ ಹುಳಿಗೆ ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು. ಅದು ಯಾರಿಗೋ ತೋರಿಸಲು ಮಾಡಿಕೊಂಡ ಗಾಯವಲ್ಲ. ನಾಚಿಕೆಯಿಂದ ಬಸವಂತಪ್ಪನವರ ತಲೆ ತಗ್ಗಿತು.

ಅವರು ಅಂಗಿಯ ತೋಳು ಮಡಚಿ, ಸಗಣಿಯ ನೆಲದ ಮೇಲೆಯೇ ಕುಳಿತರು. ಬಕೆಟ್ಟಿನೊಳಗೆ ಕೈಯಿಳಿಸಿ ಕೇಳಿದರು: “ಮತ್ತೇನೇನು ಹುಗದೀರಿ, ಹೇಳವ್ವಾ. ನಾನೂ ತಗೀತೇನಿ.”

ಕೆಲಸಕ್ಕೆ ಸೇರಿದಂದಿನಿಂದ ಬಸವಂತಪ್ಪನವರ ಯಾವ ಪ್ರಶ್ನೆಗೂ ನಿಜ ಹೇಳದಿದ್ದ ಗೌರವ್ವ, ಅಂದು ಅವರ ಎದುರಿಗೇ ಕುಳಿತು ಒಂದೊಂದಾಗಿ ಎಲ್ಲವನ್ನೂ ಹೇಳಿದಳು.